ಗೌರವಕ್ಕೆ ತೂಕವಿದೆ, ಎಲ್ಲೆಯೂ ಇದೆ

ಪತ್ರಿಕೆಯ ಒಳಪುಟ ತಿರುವಿದರೆ ಒಂದಲ್ಲ ಒಂದು ಸನ್ಮಾನದ ಚಿತ್ರ ಕಣ್ಣಿಗೆ ಬೀಳುತ್ತದೆ. ನಡುವಿನ ಕುರ್ಚಿಯಲ್ಲಿ ಒಬ್ಬರು ಹಿರಿಯರು. ಹೆಗಲ ಮೇಲೆ ಶಾಲು, ತಲೆಗೆ ಮೈಸೂರು ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ. ಸುತ್ತಲೂ ಕ್ಯಾಮೆರಾ ಕಡೆ ನೋಡುತ್ತ ನಿಂತ ಸಂಘದ ಪದಾಧಿಕಾರಿಗಳು. ಸನ್ಮಾನವೆಂದರೆ ಇಷ್ಟೇ ಎನ್ನುವಷ್ಟು ಆ ಪದ ಸವೆದುಹೋಗಿದೆ. ಅದು ಯಾರಿಗೆ ಸಲ್ಲುತ್ತದೆ ಎಂಬುದೂ ಗೊತ್ತಿರುವ ಮಾತೇ. ಸಾಧನೆ ಮಾಡಿದವರಿಗೆ, ಅಧಿಕಾರದಲ್ಲಿರುವವರಿಗೆ, ಇಲ್ಲವೇ ಮುಂದೆ ನಮಗೆ ನೆರವಾಗಬಲ್ಲವರಿಗೆ.

ಇದೇ ಪದವನ್ನು ಕನ್ನಡದ ಹಳೆಯ ಬೈಬಲ್ ಅನುವಾದದಲ್ಲಿ ಕಂಡವರು ಒಂದು ಗಳಿಗೆ ನಿಂತು ಯೋಚಿಸಬೇಕಾಗುತ್ತದೆ. ಅಲ್ಲಿ ಸನ್ಮಾನಿಸಬೇಕಾದವರ ಪಟ್ಟಿ ಬೇರೆಯೇ ತರಹದ್ದು. ಹೆತ್ತವರಿದ್ದಾರೆ, ಅರಸನಿದ್ದಾನೆ, ಗತಿಯಿಲ್ಲದ ವಿಧವೆಯರಿದ್ದಾರೆ. ಒಂದು ಕಡೆಯಂತೂ ಯಾವ ವಿಶೇಷಣವೂ ಇಲ್ಲದೆ ಎಲ್ಲರೂ ಇದ್ದಾರೆ. ಯಾವ ಸಾಧನೆಯನ್ನೂ ಮಾಡದ, ಯಾರಿಗೂ ನೆರವಾಗಲಾರದ ಮನುಷ್ಯನೂ ಸನ್ಮಾನಕ್ಕೆ ಅರ್ಹನೆ? ಹಾಗಾದರೆ ಅಧಿಕಾರದಲ್ಲಿರುವವನಿಗೆ ಸಲ್ಲುವ ಗೌರವಕ್ಕೂ ಇವನಿಗೆ ಸಲ್ಲುವ ಗೌರವಕ್ಕೂ ಏನು ವ್ಯತ್ಯಾಸ?

ಮೂಡಿಗೆರೆ, ಕಳಸ, ಬಾಳೆಹೊನ್ನೂರುಗಳ ಕಾಫಿ ಸೀಮೆಯಲ್ಲಿ ಬದುಕಿದವರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ತೋಟವೆಂದರೆ ಮೆಟ್ಟಿಲುಗಳ ಲೋಕ. ಮೇಲೆ ಸಾಹುಕಾರರು, ಅವರ ಕೆಳಗೆ ರೈಟರು, ರೈಟರ ಕೆಳಗೆ ಮೇಸ್ತ್ರಿ, ಕೊನೆಯಲ್ಲಿ ಲೈನುಮನೆಯ ಆಳುಗಳು. ಬ್ರಿಟಿಷರ ಕಾಲದಲ್ಲಿ ಮೇಲಿನ ಮೆಟ್ಟಿಲಲ್ಲಿ ದೊರೆಗಳಿದ್ದರು. ಯಾರು ಯಾರ ಎದುರು ಕೂರಬೇಕು, ಯಾರು ನಿಂತೇ ಮಾತಾಡಬೇಕು, ಯಾರನ್ನು ‘ನೀವು’ ಎನ್ನಬೇಕು, ಯಾರಿಗೆ ‘ನೀನು’ ಸಾಕು ಎಂಬುದನ್ನು ಇಲ್ಲಿ ಮಕ್ಕಳಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಮೆಟ್ಟಿಲುಗಳ ನಡುವೆಯೇ ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮಾತಿನ ಕ್ಯಾಥೊಲಿಕರೂ ತಮಿಳು ಸೀಮೆಯಿಂದ ಬಂದ ಕ್ರೈಸ್ತ ಕೆಲಸಗಾರರೂ ನೆಲೆಯೂರಿದರು. 1963ರಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಡಿಸಿ ಚಿಕ್ಕಮಗಳೂರು ಧರ್ಮಪ್ರಾಂತ್ಯವನ್ನು ರಚಿಸಲಾಯಿತು. ಭಾನುವಾರ ಚರ್ಚಿನಲ್ಲಿ ಸಾಹುಕಾರನೂ ಆಳೂ ಕೇಳುವುದು ಒಂದೇ ಪುಸ್ತಕವನ್ನು. ಆ ಪುಸ್ತಕ ಗೌರವದ ಬಗ್ಗೆ ನಿಜವಾಗಿ ಏನು ಹೇಳುತ್ತದೆ?

ಗುರು ಮತ್ತು ಹಗುರ

ಕನ್ನಡದಲ್ಲಿ ನಾವು ಬಳಸುವ ‘ಗೌರವ’ ಸಂಸ್ಕೃತದ ‘ಗುರು’ ಶಬ್ದದಿಂದ ಬಂದದ್ದು. ಗುರು ಎಂದರೆ ಭಾರವಾದದ್ದು. ಶಾಲೆಯಲ್ಲಿ ಛಂದಸ್ಸಿನ ಗುರು ಲಘು ಹಾಕಿದವರಿಗೆ, ವಿಜ್ಞಾನದಲ್ಲಿ ಗುರುತ್ವಾಕರ್ಷಣೆ ಓದಿದವರಿಗೆ ಇದು ತಿಳಿದದ್ದೇ. ಲಘು ಎಂದರೆ ಕನ್ನಡದ ‘ಹಗುರ’. ಒಬ್ಬರನ್ನು ಗೌರವಿಸುವುದೆಂದರೆ ಅವರಿಗೆ ತೂಕವಿದೆಯೆಂದು ಒಪ್ಪುವುದು. ಅವಮಾನಿಸುವುದೆಂದರೆ ಅವರನ್ನು ಹಗುರವಾಗಿ ಕಾಣುವುದು. ‘ನನ್ನ ಬಗ್ಗೆ ಹಗುರವಾಗಿ ಮಾತಾಡಬೇಡ’ ಎಂದು ಜಗಳದಲ್ಲಿ ಹೇಳುವಾಗ ನಾವು ಅರಿಯದೆಯೇ ಈ ಹಳೆಯ ತಕ್ಕಡಿಯನ್ನು ಎತ್ತಿಹಿಡಿದಿರುತ್ತೇವೆ.

ಆಶ್ಚರ್ಯವೆಂದರೆ, ಸಂಸ್ಕೃತಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲದ ಹೀಬ್ರೂ ಭಾಷೆಯಲ್ಲೂ ಇದೇ ತಕ್ಕಡಿ ಇದೆ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಭಾಷೆ ಅದು. ಅಲ್ಲಿ ಗೌರವಕ್ಕೆ ‘ಕಾವೋದ್’ ಎನ್ನುತ್ತಾರೆ. ಅದರ ಮೂಲಧಾತುವಿನ ಅರ್ಥ ಭಾರವಾಗಿರುವುದು. ಶಪಿಸುವುದಕ್ಕೆ, ಹೀನಾಯ ಮಾಡುವುದಕ್ಕೆ ಬಳಸುವ ಧಾತುವಿನ ಅರ್ಥ ಹಗುರವಾಗಿರುವುದು. ಹತ್ತು ಆಜ್ಞೆಗಳಲ್ಲಿ ತಂದೆತಾಯಿಯನ್ನು ಸನ್ಮಾನಿಸಬೇಕೆಂಬ ಆಜ್ಞೆಯಿದೆ. ಅದರ ಮೂಲ ಪದವನ್ನು ಹಿಡಿದು ಹೇಳುವುದಾದರೆ, ಅವರನ್ನು ತೂಕವುಳ್ಳವರೆಂದು ಎಣಿಸು, ಹಗುರ ಮಾಡಬೇಡ ಎಂದಷ್ಟೇ.

ಹೊಸ ಒಡಂಬಡಿಕೆಯ ಭಾಷೆ ಗ್ರೀಕ್. ಅಲ್ಲಿ ಗೌರವಕ್ಕಿರುವ ಪದ ‘ತಿಮೆ’. ಅದಕ್ಕೆ ಬೆಲೆ ಎಂಬ ಅರ್ಥವೂ ಉಂಟು. ಇದಕ್ಕೂ ಕನ್ನಡದಲ್ಲಿ ಜೋಡಿಯಿದೆ. ಹಿರಿಯರ ಮಾತಿಗೆ ಬೆಲೆ ಕೊಡಬೇಕು ಎನ್ನುತ್ತೇವೆ. ‘ಅವನಿಗೆ ಮನೆಯಲ್ಲೇ ಬೆಲೆಯಿಲ್ಲ’ ಎಂದು ಮರುಗುತ್ತೇವೆ.

ತೂಕ ಮತ್ತು ಬೆಲೆ ಎರಡೂ ಸಂತೆಯ ಮಾತುಗಳು, ಕೈಗೆ ಸಿಗುವ ವಸ್ತುಗಳ ಮಾತುಗಳು. ಬೈಬಲ್ಲಿನ ಗೌರವವೂ ಹಾಗೆಯೇ. ಅದು ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ಕೂಲಿಯಾಗಿ, ಅನ್ನವಾಗಿ, ಕೂರಲು ಕೊಡುವ ಜಾಗವಾಗಿ ಕಾಣಿಸಿಕೊಳ್ಳುತ್ತದೆ.

ನಾಲ್ಕು ಮಾತಿನ ಒಂದು ಸಾಲು

ಅಧಿಕಾರದಲ್ಲಿರುವವರಿಗೆ ಸಲ್ಲಬೇಕಾದ ಗೌರವದ ವಿಚಾರ ಬಂದಾಗ ಸಾಮಾನ್ಯವಾಗಿ ಎರಡು ಕಡೆಗೆ ಬೊಟ್ಟು ಮಾಡುತ್ತಾರೆ. ಒಂದು, ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ 13ನೆಯ ಅಧ್ಯಾಯ. ಇನ್ನೊಂದು, ಪೇತ್ರನ ಮೊದಲನೆಯ ಪತ್ರದ 2ನೆಯ ಅಧ್ಯಾಯ. ಪೇತ್ರನ ಪತ್ರದಲ್ಲಿ ಒಂದೇ ಉಸಿರಿನಲ್ಲಿ ನಾಲ್ಕು ಆಜ್ಞೆಗಳಿವೆ. ಮೊದಲನೆಯದು ಎಲ್ಲ ಮನುಷ್ಯರನ್ನೂ ಸನ್ಮಾನಿಸಬೇಕೆಂದು. ಎರಡನೆಯದು ಸಹವಿಶ್ವಾಸಿಗಳನ್ನು ಪ್ರೀತಿಸಬೇಕೆಂದು. ಮೂರನೆಯದು ದೇವರಿಗೆ ಭಯಪಡಬೇಕೆಂದು. ಕೊನೆಯದು ಅರಸನನ್ನು ಸನ್ಮಾನಿಸಬೇಕೆಂದು.

ಇಲ್ಲಿ ಗಮನಿಸಬೇಕಾದದ್ದು ಕ್ರಿಯಾಪದಗಳನ್ನು. ಗ್ರೀಕ್ ಮೂಲದಲ್ಲಿ ಎಲ್ಲ ಮನುಷ್ಯರಿಗೂ ಅರಸನಿಗೂ ಬಳಕೆಯಾಗಿರುವುದು ಒಂದೇ ಕ್ರಿಯಾಪದ. ಭಯ ಎಂಬ ಪದ ದೇವರಿಗೆ ಮಾತ್ರ ಮೀಸಲು. ರೋಮ್ ಸಾಮ್ರಾಜ್ಯದಲ್ಲಿ ಚಕ್ರವರ್ತಿಯನ್ನು ದೇವರ ಸಾಲಿನಲ್ಲಿ ಕೂರಿಸುತ್ತಿದ್ದರು. ಗುಲಾಮನಾದರೋ ಕೊಂಡು ಮಾರುವ ಸರಕು. ಅಂಥ ಕಾಲದಲ್ಲಿ ಈ ಸಾಲು ಚಕ್ರವರ್ತಿಯನ್ನು ಕೆಳಗಿಳಿಸಿ ಮನುಷ್ಯರ ಸಾಲಿನಲ್ಲಿ ಕೂರಿಸಿತು, ಗುಲಾಮನನ್ನು ಎತ್ತಿ ಅದೇ ಸಾಲಿನಲ್ಲಿ ಕೂರಿಸಿತು. ಅರಸನಿಗೆ ಸಲ್ಲುವುದು ಸಲ್ಲಲಿ. ಆದರೆ ಅದು ನಿನ್ನ ಪಕ್ಕದ ಮನೆಯವನಿಗೂ ಸಲ್ಲಬೇಕಾದದ್ದೇ ಎಂದಂತಾಯಿತು.

ಈ ಪತ್ರ ಹೋದದ್ದು ಇಂದಿನ ಟರ್ಕಿ ದೇಶದ ಪ್ರಾಂತ್ಯಗಳಿಗೆ. ಅವುಗಳಲ್ಲಿ ಬಿಥುನ್ಯವೂ ಒಂದು. ಕ್ರಿ.ಶ. 112ರ ಸುಮಾರಿಗೆ ಅಲ್ಲಿನ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಕ್ರೈಸ್ತರೆಂದು ಹಿಡಿದು ತಂದವರ ಮುಂದೆ ಚಕ್ರವರ್ತಿಯ ವಿಗ್ರಹವಿಟ್ಟು ಧೂಪ, ದ್ರಾಕ್ಷಾರಸ ಅರ್ಪಿಸಲು ಹೇಳುತ್ತಿದ್ದನಂತೆ. ನಿಜವಾದ ಕ್ರೈಸ್ತರನ್ನು ಹಾಗೆ ಮಾಡುವಂತೆ ಬಲವಂತಪಡಿಸಲಾಗದು ಎಂದು ಅವನಿಗೆ ತಿಳಿದವರು ಹೇಳಿದ್ದರು. ಅದೇ ಜನ ತೆರಿಗೆ ಕಟ್ಟಬೇಕು, ಅರಸನಿಗಾಗಿ ಪ್ರಾರ್ಥಿಸಬೇಕು ಎಂಬ ಬೋಧನೆಯಲ್ಲಿ ಬೆಳೆದವರು. ಸನ್ಮಾನಕ್ಕೆ ಅವರ ಅಡ್ಡಿಯಿರಲಿಲ್ಲ, ಆರಾಧನೆಗೆ ಇತ್ತು. ಆ ಗೆರೆಯನ್ನು ದಾಟದ್ದಕ್ಕೆ ಹಲವರು ಪ್ರಾಣ ತೆತ್ತರು.

ಈ ಗೆರೆ ಎಷ್ಟು ಹೊಸದೆಂದು ತಿಳಿಯಲು ನಮ್ಮ ನೆಲದ ಇನ್ನೊಂದು ಆದರ್ಶವನ್ನು ಪಕ್ಕದಲ್ಲಿಟ್ಟು ನೋಡಬಹುದು. ಹೊಯ್ಸಳರ ಮೂಲನೆಲೆ ಸೊಸೆವೂರು ಇದೇ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ಆ ಅರಸರ ಕಾಲದಲ್ಲಿ ‘ಗರುಡ’ರೆಂಬ ನಿಷ್ಠಾವಂತರಿದ್ದರು, ಒಡೆಯ ತೀರಿಕೊಂಡರೆ ತಾವೂ ಪ್ರಾಣ ಬಿಡುತ್ತೇವೆಂದು ಭಾಷೆ ಕೊಟ್ಟವರು. ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಸ್ಮಾರಕಸ್ತಂಭವನ್ನು ಹಳೇಬೀಡಿನಲ್ಲಿ ಇಂದಿಗೂ ನೋಡಬಹುದು. ಆ ನಿಷ್ಠೆಯ ಎದುರು ಯಾರಿಗಾದರೂ ತಲೆ ಬಾಗುತ್ತದೆ. ಆದರೆ ಪೇತ್ರನ ಪತ್ರ ಓದಿದವನು ಅರಸನಿಗೆ ಅಷ್ಟನ್ನೂ ಕೊಡಲಾರ. ಕೊನೆಯ ನಿಷ್ಠೆ ಬೇರೆಡೆ ಸಲ್ಲಬೇಕಾದದ್ದು ಎಂದು ಅದು ಹೇಳಿಬಿಟ್ಟಿದೆ.

ಮರ್ಯಾದೆ ಎಂದರೆ ಎಲ್ಲೆ

ಗೌರವಕ್ಕೆ ನಾವು ಹೆಚ್ಚಾಗಿ ಬಳಸುವ ಇನ್ನೊಂದು ಪದ ‘ಮರ್ಯಾದೆ’. ಅದರ ಮೂಲಾರ್ಥ ಎಲ್ಲೆ, ಗಡಿ, ದಡ. ಸಮುದ್ರಕ್ಕೂ ಒಂದು ಮರ್ಯಾದೆಯಿದೆ ಎಂದರೆ ಅದು ದಡ ಮೀರುವುದಿಲ್ಲವೆಂದು. ಮರ್ಯಾದೆ ಕೊಡುವವನಿಗೆ ಎಲ್ಲೆಯಿದ್ದಂತೆ ತೆಗೆದುಕೊಳ್ಳುವವನಿಗೂ ಇದೆ.

ಈ ಎಲ್ಲೆಯ ಬಗ್ಗೆ ಬೈಬಲ್ಲಿನಲ್ಲಿ ಬಹಳ ಮಾತಿದೆ. ಕೈಸರನಿಗೆ ತೆರಿಗೆ ಕೊಡುವುದು ಸರಿಯೇ ಎಂದು ಯೇಸುವನ್ನು ಸಿಕ್ಕಿಸಲು ಕೇಳಿದಾಗ ಆತ ಒಂದು ನಾಣ್ಯ ತರಿಸಿ, ಅದರ ಮೇಲೆ ಯಾರ ಮುದ್ರೆಯಿದೆಯೆಂದು ಕೇಳಿದ. ಕೈಸರನದೆಂದರು. ಕೈಸರನದನ್ನು ಅವನಿಗೂ ದೇವರದನ್ನು ದೇವರಿಗೂ ಸಲ್ಲಿಸಿ ಎಂಬ ಅರ್ಥದ ಉತ್ತರ ಬಂತು. ಮನುಷ್ಯನನ್ನು ದೇವರ ಸ್ವರೂಪದಲ್ಲಿ ಸೃಷ್ಟಿಸಲಾಯಿತು ಎಂಬುದು ಆದಿಕಾಂಡದ ಮಾತು. ನಾಣ್ಯದ ಮೇಲೆ ಅರಸನ ಮುದ್ರೆ, ಮನುಷ್ಯನ ಮೇಲೆ? ಕೇಳಿದವರು ಮುಂದಿನ ಪ್ರಶ್ನೆ ಕೇಳದೆ ಹೊರಟುಹೋದದ್ದರಲ್ಲಿ ಅಚ್ಚರಿಯಿಲ್ಲ.

ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಇಬ್ಬರು ಸೂಲಗಿತ್ತಿಯರ ಕಥೆಯಿದೆ. ಇಬ್ರಿಯರ ಗಂಡು ಕೂಸುಗಳನ್ನು ಹುಟ್ಟುತ್ತಲೇ ಕೊಲ್ಲಬೇಕೆಂದು ಈಜಿಪ್ಟಿನ ಫರೋಹ ಆಜ್ಞೆ ಮಾಡಿದ. ಅವರು ದೇವರಿಗೆ ಭಯಪಟ್ಟು ಕೂಸುಗಳನ್ನು ಉಳಿಸಿದರು. ಕಥೆ ಹೇಳಿದವರು ಸೂಲಗಿತ್ತಿಯರ ಹೆಸರುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ: ಶಿಫ್ರಾ ಮತ್ತು ಪೂವಾ. ಆ ಮಹಾರಾಜನ ಹೆಸರನ್ನು ಹೇಳಿಯೇ ಇಲ್ಲ. ಅವನು ಯಾವ ಫರೋಹನೆಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಯಾರಿಗೆ ತೂಕ, ಯಾರು ಹಗುರ ಎಂಬುದನ್ನು ಹೀಗೂ ಹೇಳಬಹುದು.

ಎಲ್ಲೆ ಕಾಯುವುದೆಂದರೆ ಒರಟಾಗುವುದಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಮತ್ತು ಸಂಗಡಿಗರು ನ್ಯಾಯಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ನೇರವಾಗಿ ಹೇಳುತ್ತಾರೆ. ಆದರೆ ಸಭೆಯನ್ನು ಬೈಯುವುದಿಲ್ಲ, ಸಿಕ್ಕ ಏಟನ್ನು ತಪ್ಪಿಸಿಕೊಂಡು ಓಡುವುದಿಲ್ಲ. ಪೌಲನ ಒಂದು ಪ್ರಸಂಗ ಇನ್ನೂ ಸೊಗಸು. ಫಿಲಿಪ್ಪಿ ಪಟ್ಟಣದ ಅಧಿಕಾರಿಗಳು ವಿಚಾರಣೆಯಿಲ್ಲದೆ ಅವನನ್ನೂ ಸೀಲನನ್ನೂ ಹೊಡೆಸಿ ಸೆರೆಗೆ ಹಾಕಿದರು. ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡಿದರು. ಪೌಲ ಒಪ್ಪಲಿಲ್ಲ. ರೋಮ್ ಪೌರರಾದ ತಮ್ಮನ್ನು ಬಹಿರಂಗವಾಗಿ ಹೊಡೆಸಿದವರು ತಾವೇ ಬಂದು ಕರೆದುಕೊಂಡು ಹೋಗಲಿ ಎಂದ. ಅಧಿಕಾರಿಗಳು ಬಂದು ಕೇಳಿಕೊಂಡರು. ಅಧಿಕಾರಕ್ಕೆ ಅಧೀನರಾಗಿರಿ ಎಂದು ಬರೆದವನೂ ಇದೇ ಪೌಲನೇ. ಅಧಿಕಾರಿಗೆ ಅವನ ಕರ್ತವ್ಯವನ್ನು ನೆನಪಿಸುವುದೂ ಅಧಿಕಾರಕ್ಕೆ ಕೊಡುವ ಗೌರವವೇ ಎಂದು ಅವನು ತಿಳಿದಂತಿದೆ.

ಇತಿಹಾಸದಲ್ಲಿ ಈ ಎಲ್ಲೆಯನ್ನು ಮರೆತ ಕಾಲಗಳೂ ಇವೆ. ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಮುಂದಿಟ್ಟುಕೊಂಡು, ಆಳುವವರು ಏನು ಮಾಡಿದರೂ ಸುಮ್ಮನಿರಬೇಕು ಎಂದವರಿದ್ದಾರೆ. ಹಿಟ್ಲರನ ಆಡಳಿತ ಚರ್ಚನ್ನು ತನ್ನ ಕೈಗೆ ತೆಗೆದುಕೊಳ್ಳಲು ಹೊರಟಾಗ, 1934ರಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಸೇರಿದ ಜರ್ಮನಿಯ ಕ್ರೈಸ್ತರು ಒಂದು ಘೋಷಣೆ ಹೊರಡಿಸಿದರು. ಅದರ ಐದನೆಯ ಭಾಗದ ಆರಂಭದಲ್ಲಿ ಅವರು ಇಟ್ಟುಕೊಂಡದ್ದು ಪೇತ್ರನ ಇದೇ ಸಾಲನ್ನು. ಸರಕಾರಕ್ಕೆ ಅದರದೇ ಕೆಲಸವಿದೆ, ಅದಕ್ಕಾಗಿ ಕೃತಜ್ಞರು. ಆದರೆ ಮನುಷ್ಯನ ಬದುಕಿನ ಸಮಸ್ತವನ್ನೂ ಆಳುತ್ತೇನೆಂದು ಅದು ಹೊರಡಕೂಡದು ಎಂಬುದು ಅವರ ವಾದದ ಸಾರ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಸರಕಾರವನ್ನು ರೋಮಾಪುರದ ಪತ್ರದ ಹೆಸರಿನಲ್ಲಿ ಸಮರ್ಥಿಸುತ್ತಿದ್ದವರನ್ನು 1985ರ ಕೈರೋಸ್ ದಾಖಲೆ ಹೀಗೆಯೇ ಪ್ರಶ್ನಿಸಿತು.

ನಮ್ಮ ನೆರೆಯ ಕೇರಳದ ಒಂದು ಪ್ರಕರಣವನ್ನೂ ಇಲ್ಲಿ ನೆನೆಯಬಹುದು. ‘ಯೆಹೋವನ ಸಾಕ್ಷಿಗಳು’ ಎಂಬ ಪಂಥಕ್ಕೆ ಸೇರಿದ ಮೂವರು ಶಾಲಾಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಹಾಡುವುದು ತಮ್ಮ ನಂಬಿಕೆಗೆ ವಿರುದ್ಧವೆಂದು ಅವರ ಭಾವನೆ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಗೌರವದಿಂದ ಎದ್ದು ನಿಂತವರು ಹಾಡದಿದ್ದ ಮಾತ್ರಕ್ಕೆ ಅಗೌರವ ತೋರಿದಂತಾಗದು ಎಂದು ತೀರ್ಪಿತ್ತು ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಲು ಹೇಳಿತು. ಇತರ ಕ್ರೈಸ್ತ ಪಂಥಗಳವರು ರಾಷ್ಟ್ರಗೀತೆಯನ್ನು ಯಾವ ಅಳುಕೂ ಇಲ್ಲದೆ ಹಾಡುತ್ತಾರೆ. ಎಲ್ಲೆ ಎಲ್ಲಿದೆ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಎಲ್ಲೆ ಇದೆ ಎಂಬುದನ್ನು ನಮ್ಮ ಸಂವಿಧಾನವೂ ಒಪ್ಪಿದೆ.

ಬೆಸಾಂವ್ ಮತ್ತು ಬಟವಾಡೆ

ಅರಸನ ವಿಚಾರ ದೊಡ್ಡದು. ದಿನನಿತ್ಯದ ಗೌರವ ಮನೆಯಲ್ಲಿ ಶುರುವಾಗುತ್ತದೆ. ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಸಂಜೆಯ ಜಪಮಾಲೆ ಮುಗಿದ ಮೇಲೆ ಕಿರಿಯರು ಹಿರಿಯರ ಬಳಿ ಹೋಗಿ ‘ಬೆಸಾಂವ್’ ಕೇಳುವ ರೂಢಿಯಿದೆ. ಬೆಸಾಂವ್ ಎಂದರೆ ಆಶೀರ್ವಾದ, ಪೋರ್ಚುಗೀಸರಿಂದ ಬಂದ ಶಬ್ದ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅಕ್ಕ ಹೀಗೆ ವಯಸ್ಸಿನ ಕ್ರಮದಲ್ಲಿ ಕೈಮುಗಿದು ಕೇಳುತ್ತಾರೆ. ನಮ್ಮಲ್ಲಿ ಹಬ್ಬದ ದಿನ ಹಿರಿಯರ ಕಾಲಿಗೆ ಬೀಳುವುದಕ್ಕೂ ಇದಕ್ಕೂ ಭಾವದಲ್ಲಿ ದೂರವಿಲ್ಲ.

ಆದರೆ ಕೈಮುಗಿದರೆ ಆಯಿತೆಂದು ಬೈಬಲ್ ಬಿಡುವುದಿಲ್ಲ. ಯೇಸುವಿನ ಕಾಲದಲ್ಲಿ ‘ಕೊರ್ಬಾನ್’ ಎಂಬ ಒಂದು ಉಪಾಯವಿತ್ತು. ತನ್ನ ಹಣವನ್ನು ದೇವರಿಗೆ ಮುಡಿಪೆಂದು ಹೇಳಿಬಿಟ್ಟರೆ ಅದನ್ನು ಮುದಿ ತಂದೆತಾಯಿಗೆ ಕೊಡಬೇಕಾಗಿರಲಿಲ್ಲ. ದೇವರ ಹೆಸರಿನಲ್ಲೇ ದೇವರ ಆಜ್ಞೆಗೆ ಕೊಳ್ಳಿಯಿಡುವ ಕೆಲಸವಿದು ಎಂದು ಯೇಸು ಸಿಡಿದುಬಿದ್ದ. ಹೆತ್ತವರನ್ನು ಸನ್ಮಾನಿಸುವುದೆಂದರೆ ಅವರ ಊಟ, ಔಷಧಿ ನೋಡಿಕೊಳ್ಳುವುದು ಎಂಬುದು ಆ ಮಾತಿನ ಹಿಂದಿರುವ ತಿಳಿವು. ವಿಧವೆಯರನ್ನು ಸನ್ಮಾನಿಸು ಎಂದು ತಿಮೊಥೆಯನಿಗೆ ಬರೆದ ಪತ್ರದಲ್ಲಿ ಬರುವಾಗಲೂ ಅರ್ಥ ಅದೇ. ಶಾಲು ಹೊದಿಸುವುದಲ್ಲ, ಅವರ ಜೀವನಕ್ಕೆ ದಾರಿ ಮಾಡುವುದು.

ಮನೆಯಿಂದ ತೋಟಕ್ಕೆ ಬಂದರೆ ಈ ಮಾತು ಇನ್ನೂ ಖಚಿತವಾಗುತ್ತದೆ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ, ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವ ಚಳಿಯ ದಿನಗಳಲ್ಲಿ, ಸಂಜೆ ಮೂಟೆಗಳು ತಕ್ಕಡಿಯ ಮುಂದೆ ಸಾಲಾಗಿ ಬಂದು ಕೂರುತ್ತವೆ. ರೈಟರು ತೂಕ ಓದುತ್ತಾರೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕುಯ್ದ ಹೆಂಗಸು ಮುಳ್ಳಿನ ಕಡೆಗೇ ಕಣ್ಣು ನೆಟ್ಟು ನಿಂತಿರುತ್ತಾಳೆ. ವಾರದ ಕೊನೆಗೆ ಬಟವಾಡೆ. ಆ ಒಂದು ಗಳಿಗೆಯಲ್ಲಿ ಮೂಟೆಗೆ ಎಷ್ಟು ತೂಕ ಎನ್ನುವುದರ ಜೊತೆಗೆ ಮನುಷ್ಯಳಿಗೆ ಎಷ್ಟು ತೂಕ ಎನ್ನುವುದೂ ತೀರ್ಮಾನವಾಗುತ್ತದೆ.

ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಕೂಲಿಯವನ ದಿನಗೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬಾರದೆಂಬ ಕಟ್ಟಳೆಯಿದೆ. ಅದೇ ಅಧ್ಯಾಯದಲ್ಲಿ ನರೆತ ತಲೆಯವರ ಮುಂದೆ ಎದ್ದು ನಿಲ್ಲಬೇಕೆಂದಿದೆ. ತೂಕ, ಅಳತೆಗಳಲ್ಲಿ ಮೋಸ ಕೂಡದೆಂದಿದೆ. ಎದ್ದು ನಿಲ್ಲುವುದೂ ಕೂಲಿ ಕೊಡುವುದೂ ತಕ್ಕಡಿ ಸರಿಯಿಡುವುದೂ ಅಲ್ಲಿ ಒಂದೇ ಪಾಠದ ಸಾಲುಗಳು. ಬಡವನನ್ನು ಹಿಂಸಿಸಿದವನು ಅವನನ್ನು ಸೃಷ್ಟಿಸಿದವನನ್ನೇ ಹೀನೈಸಿದಂತೆ, ಅವನಿಗೆ ದಯೆ ತೋರಿದವನು ಸೃಷ್ಟಿಕರ್ತನನ್ನು ಗೌರವಿಸಿದಂತೆ ಎಂಬುದು ಜ್ಞಾನೋಕ್ತಿಗಳ ತಾತ್ಪರ್ಯ. ತಡೆಹಿಡಿದ ಕೂಲಿಯೇ ಬಾಯಿ ತೆರೆದು ಕೂಗುತ್ತದೆ ಎಂದು ಯಾಕೋಬ ಹೊಲದ ಒಡೆಯರನ್ನು ಎಚ್ಚರಿಸುತ್ತಾನೆ. ಚಿನ್ನದುಂಗುರದವನಿಗೆ ಸಭೆಯಲ್ಲಿ ಒಳ್ಳೆಯ ಜಾಗ, ಹರಕುಬಟ್ಟೆಯವನಿಗೆ ಕಾಲಬಳಿಯ ನೆಲ ತೋರಿಸುವವರನ್ನೂ ಅವನು ಬಿಟ್ಟಿಲ್ಲ.

1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂದು, ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವು, ಮಕ್ಕಳ ಶಿಕ್ಷಣಗಳನ್ನು ಮಾಲೀಕರ ಹೊಣೆಯಾಗಿ ಮಾಡಿತು. ಸಾಹುಕಾರರ ದಯೆ ಎನಿಸಿಕೊಂಡದ್ದು ಆಳುಗಳ ಹಕ್ಕಾಯಿತು. ಅದು ಸಂಸತ್ತಿನ ಕಾನೂನು, ಧರ್ಮಗ್ರಂಥವಲ್ಲ ನಿಜ. ಆದರೆ ಮನುಷ್ಯನಿಗೆ ಸಲ್ಲಬೇಕಾದ ಬೆಲೆಯನ್ನು ಕೊಡುವವನ ಮರ್ಜಿಗೆ ಬಿಡಬಾರದು ಎಂಬ ತಿಳಿವಳಿಕೆ ಎರಡರಲ್ಲೂ ಒಂದೇ.

ನುಂಗಲಾರದ ಒಂದು ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ಅಪ್ರಾಮಾಣಿಕವಾಗುತ್ತದೆ. ಪೇತ್ರನ ಪತ್ರದಲ್ಲಿ ಆ ನಾಲ್ಕು ಮಾತಿನ ಸಾಲಿನ ಮರುಸಾಲೇ ಸೇವಕರನ್ನು ಕುರಿತದ್ದು. ಒಳ್ಳೆಯ ಯಜಮಾನರಿಗೆ ಮಾತ್ರವಲ್ಲ, ಕಠಿಣರಾದವರಿಗೂ ಅಧೀನರಾಗಿರಬೇಕೆಂದು ಅದು ಹೇಳುತ್ತದೆ. ಪೌಲನ ಪತ್ರಗಳಲ್ಲೂ ಗುಲಾಮರಿಗೆ ಇಂಥ ಬುದ್ಧಿಮಾತುಗಳಿವೆ. ಯಜಮಾನರಿಗೂ ಅಲ್ಲೇ ಎಚ್ಚರಿಕೆಯಿದೆ ನಿಜ: ಬೆದರಿಸಬೇಡಿ, ನಿಮ್ಮ ಮೇಲೂ ಒಬ್ಬ ಒಡೆಯನಿದ್ದಾನೆ, ಅವನು ಮುಖ ನೋಡಿ ಮಣೆ ಹಾಕುವವನಲ್ಲ ಎಂದು. ಆದರೆ ಶತಮಾನಗಳ ಕಾಲ ಒಡೆಯರು ಮೊದಲರ್ಧವನ್ನು ಗಟ್ಟಿಯಾಗಿ ಓದಿ ಎರಡನೆಯದನ್ನು ಮೆಲ್ಲನೆ ದಾಟಿಬಿಟ್ಟರು. ಅಮೆರಿಕದ ಗುಲಾಮಗಿರಿಯನ್ನು ಸಮರ್ಥಿಸಿದವರ ಕೈಯಲ್ಲೂ ಈ ಸಾಲುಗಳೇ ಇದ್ದವು, ಅದನ್ನು ವಿರೋಧಿಸಿದವರ ಕೈಯಲ್ಲೂ ಇದೇ ಪುಸ್ತಕವಿತ್ತು.

ನಮ್ಮ ಕಾಫಿ ಸೀಮೆಯ ಚರಿತ್ರೆಯಲ್ಲೂ ಈ ಎರಡು ಓದುಗಳನ್ನು ಕಾಣಬಹುದು. ಮೂಡಿಗೆರೆಗೆ ಹೊಂದಿಕೊಂಡ ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ಪ್ಲಾಂಟರ್ 1871ರಲ್ಲೂ 1894ರಲ್ಲೂ ತನ್ನ ಅನುಭವಗಳ ಪುಸ್ತಕಗಳನ್ನು ಪ್ರಕಟಿಸಿದ. ಸ್ಥಳೀಯರ ಬಗ್ಗೆ ಅಕ್ಕರೆಯಿಂದಲೇ ಬರೆದ ಅವನು, ಜಾತಿಪದ್ಧತಿಯಿಂದ ಪ್ರಯೋಜನಗಳಿವೆಯೆಂದು ವಾದಿಸಿದ. ಬಾಸೆಲ್ ಮಿಶನ್ನಿನವರ ನಿಲುವು ಬೇರೆ; ಸಭೆಯೊಳಗೆ ಜಾತಿಭೇದಕ್ಕೆ ಎಡೆಯಿಲ್ಲ ಎಂಬುದು ಅವರ ಪಟ್ಟು. ‘ಮಂಗಳೂರು ಸಮಾಚಾರ’ ಪತ್ರಿಕೆಯಿಂದ ಕನ್ನಡಿಗರಿಗೆ ಪರಿಚಿತನಾದ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಹೋಗಿ ಆನಂದಪುರ ಎಂಬ ನೆಲೆಯನ್ನು ಕಟ್ಟಿದ. ಅಲ್ಲಿ ಕ್ರೈಸ್ತರಾದವರು ತಲೆತಲಾಂತರದಿಂದ ಒಡೆಯರ ನೆಲಕ್ಕೆ ಕಟ್ಟುಬಿದ್ದು ದುಡಿದಿದ್ದ ದಲಿತ ಕುಟುಂಬಗಳವರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು 1843ರ ಕಾಯ್ದೆ ತೆಗೆದುಹಾಕಿದ್ದರೂ ಹಳೆಯ ಕಟ್ಟು ಸಡಿಲವಾಗಿರಲಿಲ್ಲ. ಅವರಿಗೆ ಆ ಪುಸ್ತಕದಲ್ಲಿ ಕೇಳಿಸಿದ್ದು ವಿಧೇಯತೆಯ ಮಾತಿಗಿಂತ ಹೆಚ್ಚಾಗಿ ತಮಗೂ ತೂಕವಿದೆ ಎಂಬ ಮಾತಾಗಿರಬೇಕು. ಜಾತಿಯ ನೆರಳು ಅನಂತರವೂ ಚರ್ಚುಗಳನ್ನು ಪೂರ್ತಿ ಬಿಟ್ಟುಹೋಗಲಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಗೌರವದ ಏಣಿಯನ್ನು ತಲೆಕೆಳಗು ಮಾಡುವ ಒಂದು ಆಚರಣೆ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. ಈಸ್ಟರಿನ ಮುಂಚಿನ ಗುರುವಾರ ಕ್ಯಾಥೊಲಿಕ್ ಚರ್ಚುಗಳಲ್ಲಿ ಗುರುಗಳು ಮೊಣಕಾಲೂರಿ ಊರಿನ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಕೊನೆಯ ಭೋಜನದ ರಾತ್ರಿ ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪು ಅದು. 2016ರಿಂದ ಮಹಿಳೆಯರನ್ನೂ ಇದಕ್ಕೆ ಕೂರಿಸಬಹುದೆಂದು ಪೋಪ್ ಫ್ರಾನ್ಸಿಸ್ ಅಪ್ಪಣೆ ಮಾಡಿದರು. ಒಂದು ದಿನದ ಆಚರಣೆಯಿಂದ ವರ್ಷವಿಡೀ ಬದಲಾಗುವುದಿಲ್ಲ. ಆದ್ದರಿಂದಲೇ ಅದು ಪ್ರತಿ ವರ್ಷವೂ ಬರುತ್ತದೆ.

ಏಕವಚನದ ಪೇಚು

ಬೈಬಲ್ ಕನ್ನಡಕ್ಕೆ ಬಂದಾಗ ಗೌರವದ ಇನ್ನೊಂದು ಪೇಚು ಎದುರಾಯಿತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದ ಮೇಲೆ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಹೀಬ್ರೂವಿನಲ್ಲಾಗಲಿ ಗ್ರೀಕಿನಲ್ಲಾಗಲಿ ನಮ್ಮಂತೆ ‘ನೀನು’, ‘ನೀವು’, ‘ತಾವು’ ಎಂಬ ಮರ್ಯಾದೆಯ ಮೆಟ್ಟಿಲುಗಳಿಲ್ಲ. ಅರಸನೂ ‘ನೀನು’, ಭಿಕ್ಷುಕನೂ ‘ನೀನು’. ಕನ್ನಡದಲ್ಲಿ ಹಾಗೆ ಬರೆದರೆ ಕಿವಿಗೆ ಒರಟು, ಬಹುವಚನ ಹಾಕಿದರೆ ಮೂಲದ ಸಮಾನತೆ ಮಾಯ. ಹಳೆಯ ಅನುವಾದಗಳು ಏಕವಚನವನ್ನೇ ಆರಿಸಿಕೊಂಡವು. ಯೇಸುವನ್ನೂ ‘ಆತನು’ ಎಂದವು. ಈಚೆಗೆ ಕ್ಯಾಥೊಲಿಕರು ಬಳಸುವ ಅನುವಾದದಲ್ಲಿ ‘ಯೇಸುಸ್ವಾಮಿ’ ಎಂದೂ ಬಹುವಚನದ ಕ್ರಿಯಾಪದವನ್ನೂ ಕಾಣುತ್ತೇವೆ. ಎರಡೂ ಗೌರವದ ಬಗೆಗಳೇ. ದೇವರನ್ನು ಏಕವಚನದಲ್ಲಿ ಕರೆಯುವ ಸಲಿಗೆ ವಚನಕಾರರಿಗೂ ದಾಸರಿಗೂ ಇತ್ತು. ಅದೇ ಬಸವಣ್ಣನಿಗೆ ಎದುರಿನ ಮನುಷ್ಯನನ್ನು ಅಯ್ಯಾ ಎಂದು ಕರೆಯುವುದೇ ಸ್ವರ್ಗವಾಗಿತ್ತು. ಈ ಲೇಖನದಲ್ಲೂ ಪೇತ್ರ ಬರೆದ, ಯೇಸು ಹೇಳಿದ ಎಂದೇ ಬರೆದಿದ್ದೇನೆ; ಅಗೌರವದಿಂದಲ್ಲ, ಹಳೆಯ ರೂಢಿಯಿಂದ.

ನಿಜವಾದ ಪರೀಕ್ಷೆ ದೇವರಿಗೂ ಅರಸನಿಗೂ ಯಾವ ವಚನ ಹಾಕುತ್ತೇವೆ ಎಂಬುದರಲ್ಲಿಲ್ಲ. ನಮ್ಮ ಅಪ್ಪನ ವಯಸ್ಸಿನ ಆಳನ್ನು ಹೇಗೆ ಕರೆಯುತ್ತೇವೆ ಎಂಬುದರಲ್ಲಿದೆ.

ಮೂಡಿಗೆರೆಯ ಹೆಸರೆತ್ತಿದ ಕೂಡಲೇ ಕನ್ನಡಿಗರಿಗೆ ಪೂರ್ಣಚಂದ್ರ ತೇಜಸ್ವಿಯವರೂ 1980ರಲ್ಲಿ ಬಂದ ಅವರ ‘ಕರ್ವಾಲೊ’ ಕಾದಂಬರಿಯೂ ನೆನಪಾಗುತ್ತವೆ. ಅದು ಧರ್ಮದ ಕುರಿತ ಪುಸ್ತಕವಲ್ಲ. ಕರ್ವಾಲೊ ಎಂಬ ಹೆಸರಿನಲ್ಲಷ್ಟೇ ಕರಾವಳಿಯ ಕ್ರೈಸ್ತ ಮೂಲ ಕೇಳಿಸುತ್ತದೆ. ಆದರೂ ನಮ್ಮ ವಿಷಯಕ್ಕೆ ಅಲ್ಲೊಂದು ಒಳ್ಳೆಯ ನಿದರ್ಶನವಿದೆ. ಊರವರು ಕೆಲಸಕ್ಕೆ ಬಾರದವನೆಂದು ಹಗುರವಾಗಿ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಅವನ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ, ಅವನು ಕಂಡದ್ದನ್ನು ನಂಬುತ್ತಾರೆ. ಶಾಲು ಹೊದಿಸುವುದಿಲ್ಲ, ಹಾರ ಹಾಕುವುದಿಲ್ಲ. ಅವನಿಗಿದ್ದ ತೂಕವನ್ನು ಸರಿಯಾಗಿ ಓದುತ್ತಾರೆ, ಅಷ್ಟೇ.

ಇನ್ನೊಮ್ಮೆ ಕಾಫಿ ಕುಯ್ಲಿನ ಸಂಜೆ ತಕ್ಕಡಿಯ ಮುಳ್ಳು ಅತ್ತಿತ್ತ ಆಡಿ ನಿಲ್ಲುವಾಗ, ಮೂಟೆಯ ಪಕ್ಕ ನಿಂತವಳ ಮುಖವನ್ನೂ ಒಮ್ಮೆ ನೋಡಬಹುದು. ಅವಳ ಹೆಸರು ರೈಟರ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಆ ಹೆಸರಿನಿಂದ, ಅದರ ಮುಂದೆ ಒಂದು ‘ಅಮ್ಮ’ನನ್ನೋ ‘ಅಕ್ಕ’ನನ್ನೋ ಸೇರಿಸಿ ಕರೆಯುವುದಕ್ಕೆ ಯಾವ ಕಾಯ್ದೆಯೂ ಬೇಕಾಗಿಲ್ಲ.